ಲೋಹದ ಮೈಯದು ಬರುತ್ತದಂತೆ

ಶಿವಮೊಗ್ಗದ ಹೊಸಮನೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಡಿಟಿಪಿ ಅಂಗಡಿಯ ಕಂಪ್ಯೂಟರ್ ಆ ವರ್ಷ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಏಳಲೇ ಇಲ್ಲ. ಅದರ ಹಾರ್ಡ್ ಡಿಸ್ಕಿನಲ್ಲಿ ಅಕ್ಕ ಬಣ್ಣ ತುಂಬಿದ್ದ ಹನ್ನೊಂದು ಚಿತ್ರಗಳಿದ್ದವು. ಬೇರೆಲ್ಲೂ ಇರಲಿಲ್ಲ. "ಸಿಡಿಗೆ ಹಾಕಿಡೋಣ್ವಾ?" ಎಂದು ಅವಳು ಹಿಂದಿನ ವಾರವೇ ಕೇಳಿದ್ದಳು. "ಎಲ್ಲಾ ಮುಗಿದ್ಮೇಲೆ ಒಟ್ಟಿಗೆ ಹಾಕಿದ್ರಾಯ್ತು ಕಣೇ" ಎಂದವಳು ನಾನು. ರಿಪೇರಿಯವರು ಡಿಸ್ಕನ್ನು ನನ್ನ ಕಿವಿಯ ಹತ್ತಿರ ಹಿಡಿದು, ಅದು ಟಿಕ್ ಟಿಕ್ ಎನ್ನುವುದನ್ನು ಕೇಳಿಸಿ, ತಲೆಯಾಡಿಸಿದರು. ಅಂದಿನಿಂದ ಯಾವ ವಿಷಯವನ್ನೂ ಎರಡು ಸಲ ನೋಡದೆ ನಾನು ಹೇಳುವುದಿಲ್ಲ. ಇದನ್ನೂ ಅಕ್ಕನನ್ನು ಕೇಳಿ, ಅವಳಿಗೆ ಮರೆತದ್ದನ್ನು ಅಮ್ಮನನ್ನು ಕೇಳಿ ಬರೆಯುತ್ತಿದ್ದೇನೆ.

ಅಕ್ಕ ಭದ್ರಾವತಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಪೇಟೆಗೆ ಹೊರಟ ಒಂದು ಇರುವೆಯ ಕಥೆಗೆ ಇಪ್ಪತ್ತನಾಲ್ಕು ಚಿತ್ರ ಬರೆದುಕೊಡಲು ಧಾರವಾಡದ ಪ್ರಕಾಶಕರೊಬ್ಬರು ಅವಳನ್ನು ಕೇಳಿದ್ದರು. ಅದು ಅವಳ ಮೊದಲ ಪುಸ್ತಕ. ಅವಳು ಶಾಯಿಯಲ್ಲಿ ಗೆರೆ ಬರೆಯುತ್ತಿದ್ದಳು, ನಾನು ಸ್ಕ್ಯಾನ್ ಮಾಡುತ್ತಿದ್ದೆ, ಶನಿವಾರ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅವಳು ಬಂದು ಬಣ್ಣ ತುಂಬುತ್ತಿದ್ದಳು. ಗೆರೆಯ ಕಾಗದಗಳು ಭದ್ರಾವತಿಯ ನಮ್ಮ ಮನೆಯಲ್ಲಿ ಭದ್ರವಾಗಿದ್ದವು. ಹೋದದ್ದು ಬಣ್ಣ, ಎಂದರೆ ಐದು ತಿಂಗಳ ಶನಿವಾರಗಳು. ಡಿಸೆಂಬರ್ ಮೊದಲ ವಾರದೊಳಗೆ ಎಲ್ಲವೂ ಕೈಸೇರದಿದ್ದರೆ ಪುಸ್ತಕವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಪ್ರಕಾಶಕರು ಮೃದುವಾಗಿಯೇ, ಆದರೆ ಎರಡು ಸಲ, ಹೇಳಿದ್ದರು.

ಅಕ್ಕ ನನ್ನನ್ನು ಬೈಯಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತಾಗ "ನಂದೇ ಒಂದು ಲ್ಯಾಪ್‌ಟಾಪ್ ತಗೋತೀನಿ" ಎಂದಳು. ಯಾವುದು ಎಂಬುದೂ ನಿರ್ಧಾರವಾಗಿತ್ತು. ಚಿತ್ರಗಾರರೆಲ್ಲ ಹೊಗಳುತ್ತಿದ್ದ ಆ ಬಿಳಿ ಪ್ಲಾಸ್ಟಿಕ್ ಮೈಯದು. ಅವಳು ಕೂಡಿಟ್ಟದ್ದರಲ್ಲಿ ಒಂದೇ ಒಂದು ಸಲ ಕೊಳ್ಳಬಹುದಿತ್ತು. ತಪ್ಪಾದರೆ ಅದರೊಂದಿಗೇ ಏಳೆಂಟು ವರ್ಷ ಬಾಳಬೇಕಿತ್ತು.

ಸುದ್ದಿ ತಂದವಳು ನಾನೇ. ಅಂಗಡಿಯಲ್ಲಿ ಬಿಡುವಾದಾಗ ಇಂಟರ್ನೆಟ್ಟಿನಲ್ಲಿ ಓದುತ್ತಿದ್ದೆ. ಆ ಬಿಳಿಯದು ಸದ್ಯದಲ್ಲೇ ನಿಲ್ಲುತ್ತದಂತೆ, ಲೋಹದ ಮೈಯದು ಬರುತ್ತದಂತೆ, ಪರದೆ ಇನ್ನೂ ಬೆಳಗುತ್ತದಂತೆ. ಅಕ್ಕನಿಗೆ ನಾಟಿದ್ದು ಪರದೆಯ ಮಾತು. ಶಿವಮೊಗ್ಗದಲ್ಲಿ ಆ ಲ್ಯಾಪ್‌ಟಾಪ್ ಮಾರುತ್ತಿದ್ದ ಒಂದೇ ಅಂಗಡಿಯ ಗಾಜಿನ ಕಪಾಟಿನಲ್ಲಿ ಅವಳು ಬಿಳಿಯದನ್ನು ನೋಡಿ ಬಂದಿದ್ದಳು. ನೆಟ್ಟಗೆ ನೋಡಿದರೆ ಅರಿಶಿನದ ಬಣ್ಣ, ಸ್ವಲ್ಪ ಎದ್ದು ನಿಂತು ನೋಡಿದರೆ ಅದೇ ಮಜ್ಜಿಗೆಯ ಬಣ್ಣ. "ಯಾವ್ದನ್ನ ನಂಬ್ಲಿ ಹೇಳು" ಎಂದಿದ್ದಳು.

ಕಾಯಬೇಕೋ, ಕೊಳ್ಳಬೇಕೋ? ಅಪ್ಪನ ಮುಂದೆ ಇಟ್ಟೆವು. ಅಪ್ಪ ಭದ್ರಾವತಿಯ ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ಸಾಮಾನು ಕೊಟ್ಟು ನಿವೃತ್ತರಾದವರು. ಕಾರ್ಖಾನೆಯ ಊರಿನಲ್ಲಿ ಅಂತೆಕಂತೆಗೆ ಬರವಿಲ್ಲ. ಹೊಸ ಯಂತ್ರ ಬರುತ್ತದಂತೆ, ಕ್ಯಾಂಟೀನು ಬದಲಾಗುತ್ತದಂತೆ ಎನ್ನುವುದನ್ನು ಕೇಳಿಕೊಂಡೇ ಅಲ್ಲಿಯವರು ಬೆಳೆಯುತ್ತಾರೆ. ಹಾಗಾಗಿ ಸುದ್ದಿಯನ್ನು ತೂಗಿ ನೋಡುವ ಕ್ರಮವೂ ಅವರಿಗಿರುತ್ತದೆ.

"ಯಾರು ಹೇಳಿದ್ದು?" ಎಂದರು ಅಪ್ಪ.

"ಇಂಟರ್ನೆಟ್ಟಲ್ಲಿ ಬರ್ದಿದಾರೆ."

"ಬರ್ದೋನು ಆಫೀಸಿನೋನೋ, ಸ್ಟೋರ್ಸಿನೋನೋ?"

"ಗೊತ್ತಿಲ್ಲಪ್ಪ."

"ಮತ್ತೆ? ಆಫೀಸಿನೋನು ಆಸೆಪಟ್ಟಿದ್ದು ಹೇಳ್ತಾನೆ. ಸ್ಟೋರ್ಸಿನೋನು ಕಪಾಟಲ್ಲಿರೋದು ಹೇಳ್ತಾನೆ. ಹಳೇ ಮಾಲು ಬರೋದು ನಿಂತ್ರೆ ಹೊಸದು ಬರುತ್ತೆ, ಬರ್ತಾನೇ ಇದ್ರೆ ಬರಲ್ಲ. ಅಷ್ಟೇ ಲೆಕ್ಕ."

ಭಾನುವಾರ ಅಪ್ಪನ ಗೆಳೆಯರೊಬ್ಬರು ಬಂದರು. ನಾವು ಅವರನ್ನು ಮೇಸ್ತ್ರಿ ಮಾಮ ಎನ್ನುತ್ತಿದ್ದೆವು. ಮನೆಮಾತು ತಮಿಳು, ಜೀವಮಾನವಿಡೀ ಲೇತ್ ಯಂತ್ರದ ಮುಂದೆ ನಿಂತವರು. ಹೊಸದರ ಮೈಯನ್ನು ತಗಡು ಜೋಡಿಸಿ ಮಾಡುವುದಿಲ್ಲ, ಅಲ್ಯೂಮಿನಿಯಂನ ಒಂದೇ ಗಟ್ಟಿಯಿಂದ ಕೊರೆದು ತೆಗೆಯುತ್ತಾರಂತೆ ಎಂದು ನಾನು ಓದಿದ್ದನ್ನು ಹೇಳಿದ ಕೂಡಲೇ ಅವರು ಕಾಫಿ ಲೋಟ ಕೆಳಗಿಟ್ಟರು.

"ಒಂದೇ ಗಟ್ಟಿನಾ? ಏನ್ ಪಾ ಹೇಳ್ತೀಯಾ! ಮುಕ್ಕಾಲು ಪಾಲು ತುರಿಯಾಗಿ ಹೋಗುತ್ತೆ."

"ಅದಕ್ಕೇ ಸುಳ್ಳು ಅಂತೀನಿ" ಎಂದರು ಅಪ್ಪ.

"ಸುಳ್ಳಲ್ಲ ಮಾರಾಯ. ಇಂಥ ಸುಳ್ಳು ಹೇಳೋಕೆ ಯಾರಿಗೂ ತೋಚಲ್ಲ. ಅಮ್ಮಾ, ಒಂದು ಚಾಕು ಕೊಡಿ."

ಅವರು ಬಚ್ಚಲಿಗೆ ಹೋಗಿ ಬಟ್ಟೆ ಒಗೆಯುವ ಹೊಸ ಬಾರ್ ಸೋಪನ್ನೇ ತಂದು, ಜಗಲಿಯಲ್ಲಿ ಕಾಲು ಚಾಚಿ ಕೂತು, ಕೊರೆಯಲು ಶುರುಮಾಡಿದರು. ಅರ್ಧ ಗಂಟೆಯಲ್ಲಿ ಸೋಪು ತೆಳುವಾದ ಅಂಚಿನ ಒಂದು ತಟ್ಟೆಯಾಯಿತು. ಮೂಲೆಗಳು ಗುಂಡಗೆ, ಒಳಗೆ ಕೀಬೋರ್ಡಿನ ಗುಂಡಿಗಳಿಗೆ ಸಾಲು ಸಾಲು ಕುಳಿ. "ನೋಡು, ಎಲ್ಲೂ ಬೆಸುಗೆ ಇಲ್ಲ, ಸ್ಕ್ರೂ ಇಲ್ಲ. ಅಲುಗಾಡಲ್ಲ ಇದು!" ಎಂದು ಅವರು ಅದನ್ನು ಅಪ್ಪನ ಕೈಗೆ ಕೊಟ್ಟಾಗ ಅಕ್ಕ ಚಪ್ಪಾಳೆ ತಟ್ಟಿದಳು. ಡಿಸ್ಕು ಹೋದ ಮೇಲೆ ಅವಳು ಬಾಯಿ ತುಂಬ ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅಮ್ಮ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ನಾಳೆ ಬಟ್ಟೆ ಯಾವ್ದರಲ್ಲಿ ಒಗೀಲಿ? ನಿಮ್ಮ ಲ್ಯಾಪ್‌ಟಾಪಲ್ಲಾ?"

ಅಪ್ಪ ತಮ್ಮ ಕ್ರಮದಂತೆ ವಿಚಾರಣೆ ಆರಂಭಿಸಿದರು. ಶಿವಮೊಗ್ಗದ ಆ ಅಂಗಡಿಗೆ ಫೋನ್ ಮಾಡಿ, ಬಿಳಿಯದು ಎಷ್ಟಿದೆ ಎಂದು ಕೇಳಿದರು. ಒಂದಿತ್ತು. ಹತ್ತು ದಿನ ಬಿಟ್ಟು ಮತ್ತೆ ಕೇಳಿದರು. ಒಂದೇ. ಪದೇ ಪದೇ ಒಬ್ಬರೇ ಕೇಳಿದರೆ ಸ್ಟೋರ್ಸಿನವನು ಹುಷಾರಾಗಿ ಸುಳ್ಳು ಹೇಳುತ್ತಾನೆ ಎಂಬುದು ಅವರ ಅನುಭವ. ಆದ್ದರಿಂದ ಮುಂದಿನ ಸಲ ಮೇಸ್ತ್ರಿ ಮಾಮನಿಂದ ಮಾಡಿಸಿದರು, ಆಮೇಲೆ ಪಕ್ಕದ ಮನೆಯ ಮೇಷ್ಟರಿಂದ.

ಅಷ್ಟರಲ್ಲಿ ಆಗಸ್ಟ್ ಮುಗಿದು ಸೆಪ್ಟೆಂಬರೂ ಅರ್ಧ ಸವೆಯಿತು. ಪಿತೃಪಕ್ಷದಲ್ಲಿ ಹೊಸ ಸಾಮಾನು ಬೇಡ ಎಂದು ಅಮ್ಮ ಹೇಳಿದ್ದರಿಂದ ಮತ್ತೆ ಹದಿನೈದು ದಿನ ಹೋಯಿತು. ನಮ್ಮ ಡಿಟಿಪಿ ಅಂಗಡಿಗೆ ಜುಲೈನಲ್ಲೇ ಹೊಸ ಡಿಸ್ಕು ಬಂದಿತ್ತು, ಆದರೆ ಕರಪತ್ರ, ಆಹ್ವಾನ ಪತ್ರಿಕೆಗಳ ಕೆಲಸ ತುಂಬಿಕೊಂಡು ಅಕ್ಕನಿಗೆ ಜಾಗವಿರಲಿಲ್ಲ. ಅವಳು ಜೆರಾಕ್ಸ್ ಪ್ರತಿಗಳ ಮೇಲೆ ಬಣ್ಣದ ಪೆನ್ಸಿಲ್ಲಿನಿಂದ ಇಡೀ ಪುಸ್ತಕದ ಬಣ್ಣಗಳನ್ನು ಗೊತ್ತುಮಾಡಿಕೊಂಡಳು. ಇರುವೆ ಕೆಂಪು, ಪೇಟೆ ಹಳದಿ, ಸಂತೆಯ ನೆರಳು ನೇರಳೆ. ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಅವಳು ದಿನವೂ ಕೇಳುತ್ತಿದ್ದಳು, "ಇವತ್ತೇನಾದ್ರೂ ಬರ್ದಿರ್ತಾರಾ?" ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಮತ್ತೊಮ್ಮೆ. ಹೆದರಿಕೆಯ ದಿನಗಳೇ ಹೌದು. ಆದರೂ ನಮ್ಮ ಮನೆಯಲ್ಲಿ ನಾಲ್ವರೂ ಒಂದೇ ವಿಷಯವನ್ನು ಅಷ್ಟು ಉತ್ಸಾಹದಿಂದ ಮಾತಾಡಿದ ಇನ್ನೊಂದು ಕಾಲ ನನಗೆ ನೆನಪಿಲ್ಲ.

ನವರಾತ್ರಿ ಶುರುವಾದ ಎರಡನೆಯ ದಿನ ಅಪ್ಪ ಫೋನಿಟ್ಟು ತೀರ್ಪು ಕೊಟ್ಟರು. "ಮುಗೀತು. ಹೊಸದಾಗಿ ನಾಲ್ಕು ಬಿಳೀದು ಬಂದಿದೆಯಂತೆ. ಮಾಲು ಬರ್ತಿದೆ ಅಂದ್ರೆ ಆರು ತಿಂಗಳು ಲೋಹ ಗೀಹ ಏನೂ ಇಲ್ಲ. ನಾಳೆ ಹೋಗಿ ತರೋಣ."

ಅಕ್ಕ ತಲೆಯಾಡಿಸಿದಳು. ಜೆರಾಕ್ಸ್ ಪ್ರತಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು ಒಳಗೆ ಹೋದಳು. ಖುಷಿಯಿಂದ ಹೋದಳೆಂದು ನಾನು ಹೇಳಲಾರೆ.

ಮರುದಿನ ಅಪ್ಪ, ಅಕ್ಕ, ಮೇಸ್ತ್ರಿ ಮಾಮ, ನಾನು, ನಾಲ್ವರೂ ಬಸ್ಸಿನಲ್ಲಿ ಹೋದೆವು. ಅಂಗಡಿಯ ಮಾಲೀಕರು ಕುಂಸಿ ಕಡೆಯವರು, ಮಾತಿನ ಜನ. ಭದ್ರಾವತಿಯಿಂದ ಬಂದೆವೆಂದು ಕೇಳಿದ್ದೇ ತಡ, ಕೈಮುಗಿದರು.

"ಬನ್ನಿ ಬನ್ನಿ. ನಿಮ್ಮೂರಿಗೆ ಏನಾಗಿದೆ ಸಾರ್? ಎರಡು ತಿಂಗಳಲ್ಲಿ ಏಳು ಫೋನು! ಎಲ್ಲಾ ಬಿಳೀದೇ ಕೇಳ್ತಾರೆ. ಶಿವಮೊಗ್ಗದೋರು ಒಬ್ರೂ ಕೇಳಲ್ಲ. ಅದಕ್ಕೇ ಧೈರ್ಯ ಮಾಡಿ ಬೆಂಗಳೂರಿನ ಡೀಲರ್ ಹತ್ರ ನಾಲ್ಕು ತರಿಸಿಬಿಟ್ಟೆ."

ಅಪ್ಪ ಕುರ್ಚಿಯಲ್ಲಿ ಪೂರ್ತಿ ಕೂರಲಿಲ್ಲ. ಮೇಸ್ತ್ರಿ ಮಾಮ ಫ್ಯಾನ್ ನೋಡತೊಡಗಿದರು.

"ಒಬ್ರಂತೂ ಬರೀ ಚಾರ್ಜರ್ ಎಷ್ಟಿದೆ ಅಂತ ಕೇಳಿದ್ರು ಸಾರ್. ಲ್ಯಾಪ್‌ಟಾಪ್ ಇದೆಯಾ ಅಂದ್ರೆ ಇಲ್ಲ ಅಂತಾರೆ. ಮತ್ತೆ ಚಾರ್ಜರ್ ಯಾಕೆ ಅಂದ್ರೆ, ‘ಅದೆಲ್ಲಾ ನಿಂಗ್ಯಾಕಪ್ಪಾ’ ಅಂತಾರೆ!"

"ಅದು ನಾನು" ಎಂದರು ಮೇಸ್ತ್ರಿ ಮಾಮ, ಫ್ಯಾನಿನಿಂದ ಕಣ್ಣು ತೆಗೆಯದೆ.

ಅಪ್ಪನ ಮುಖ ಕೆಂಪಾಯಿತು. ಅವರು ನಡೆದದ್ದನ್ನೆಲ್ಲ ಕ್ರಮವಾಗಿ, ಏನನ್ನೂ ಬಿಡದೆ ಹೇಳಿದರು. ಮಾಲೀಕರ ನಗು ನಿಂತಿತು.

"ಏಳೂ ನೀವೇನಾ?"

"ಐದು ನಮ್ದು. ಇನ್ನೆರಡು ಗೊತ್ತಿಲ್ಲ."

"ಒಂದು ನಾನು" ಎಂದಳು ಅಕ್ಕ ಮೆಲ್ಲಗೆ.

ಇನ್ನೊಂದು ನನ್ನದು. ಅಪ್ಪನ ಮಾತನ್ನು ಎರಡನೆಯ ಸಲ ಪರೀಕ್ಷಿಸಲು ಮಾಡಿದ್ದೆ. ಅದನ್ನೂ ಹೇಳಿದೆ. ಮಾಲೀಕರು ಮೇಜಿನ ಹಿಂದೆ ಧೊಪ್ಪೆಂದು ಕೂತರು. ನಮ್ಮ ಮನೆಯ ಮಾತೇ ಸುತ್ತಿಕೊಂಡು ಬಂದು ನಾಲ್ಕು ಡಬ್ಬಿಯಾಗಿ ಅವರ ಕಪಾಟು ಸೇರಿತ್ತು, ಅದನ್ನು ನೋಡಿ ಅಪ್ಪ ತೀರ್ಪು ಕೊಟ್ಟಿದ್ದರು.

ಆಮೇಲೆ ಅಪ್ಪ ತಲೆಯೆತ್ತಿ ಕೇಳಿದರು, "ನಾಲ್ಕು ಕೇಳಿದ್ರಲ್ಲ, ಬೆಂಗಳೂರಿನೋರು ಎಷ್ಟು ದಿನಕ್ಕೆ ಕಳಿಸಿದ್ರು?"

"ಮಾರನೇ ದಿನವೇ ಬಂತು. ಮುಂಚೆ ಒಂದು ಕೇಳಿದ್ರೆ ಮೂರು ವಾರ ಸತಾಯಿಸೋರು. ಈ ಸಲ ಆರು ತಗೊಳ್ಳಿ ಅಂತ ಅವ್ರೇ ದುಂಬಾಲು ಬಿದ್ರು."

ಅಪ್ಪ ಎದ್ದು ನಿಂತರು. "ಹಾಗಾದ್ರೆ ಬರ್ತಿದೆ!"

"ಏನು ಸಾರ್?"

"ಹೊಸದು. ಸ್ಟೋರ್ಸಲ್ಲಿ ನಾನೂ ಕೈಬಿಗಿ ಮಾಡ್ತಿದ್ದೆ, ಒಂದು ಜೊತೆ ಬೂಟಿಗೆ ಒಂದು ವಾರ ಅಲೆಸ್ತಿದ್ದೆ. ಹೊಸ ನಮೂನೆ ಬೂಟು ಬರುತ್ತೆ ಅಂತ ನನಗೆ ಗೊತ್ತಾದಾಗ ಮಾತ್ರ, ಒಂದು ಕೇಳಿದೋನಿಗೆ ಎರಡು ಕೊಡ್ತಿದ್ದೆ. ಕಪಾಟು ಖಾಲಿ ಮಾಡ್ಬೇಕಲ್ಲ! ನೀವು ಇವತ್ತೇ ಇದನ್ನ ವಾಪಸ್ ಕಳಿಸಿ, ನಾಳೆಗೆ ಇಟ್ಕೋಬೇಡಿ."

ಮಾಲೀಕರು ಅಪ್ಪನನ್ನೇ ನೋಡಿದರು. ಆಮೇಲೆ ಬೆಂಗಳೂರಿಗೆ ಫೋನ್ ಮಾಡಿ, ಮಾರಾಟವಾಗಲಿಲ್ಲ ಎಂದು ಜಗಳವಾಡಿ, ನಾಲ್ಕನ್ನೂ ಹಿಂದಿರುಗಿಸಲು ಒಪ್ಪಿಸಿದರು. ಫೋನಿಟ್ಟ ಮೇಲೆಯೇ ಅವರಿಗೆ ನಗು ಬಂದದ್ದು. ಕಣ್ಣೊರೆಸಿಕೊಂಡು ನಕ್ಕರು.

ಅಕ್ಕ ಮಾತ್ರ ನಗಲಿಲ್ಲ. "ಅದು ಬರೋ ತನಕ ನಾನೇನು ಮಾಡ್ಲಿ? ಇಪ್ಪತ್ತನಾಲ್ಕು ಚಿತ್ರ ಇದೆ, ಎರಡು ತಿಂಗಳು ಇದೆ" ಎಂದಳು. ಜೆರಾಕ್ಸ್ ಪ್ರತಿಗಳ ಕಟ್ಟು ಅವಳ ಚೀಲದಲ್ಲೇ ಇತ್ತು. ಮಾಲೀಕರು ಅದನ್ನು ಬಿಚ್ಚಿಸಿ, ಒಂದೊಂದೇ ಹಾಳೆ ತಿರುವಿ, ಕೊನೆಯವರೆಗೂ ನೋಡಿದರು. ಎದ್ದು ಗಾಜಿನ ಕಪಾಟಿನಿಂದ ಪ್ರದರ್ಶನಕ್ಕಿಟ್ಟಿದ್ದ ಹಳೆಯ ಬಿಳಿಯದನ್ನು ತೆಗೆದು ಅವಳ ಮುಂದಿಟ್ಟರು.

"ಹೊಸದು ಬರೋ ತನಕ ಇಟ್ಕೊಳ್ಳಮ್ಮ. ಒಂದೇ ಮಾತು, ಆಯುಧಪೂಜೇಲಿ ಇದಕ್ಕೆ ಕುಂಕುಮ ಹಚ್ಬೇಡಿ. ಬಿಳೀ ಮೇಲಿಂದ ಹೋಗಲ್ಲ."

ಬಸ್ಸು ಮಲವಗೊಪ್ಪ ದಾಟುವಾಗ ಅದು ಅಕ್ಕನ ಮಡಿಲಲ್ಲಿತ್ತು. ಪೂಜೆಯ ದಿನ ಅಮ್ಮ ಅದರ ಮೇಲೆ ಒಂದು ಬಾಳೆಲೆಯ ಚೂರಿಟ್ಟು, ಎಲೆಗೆ ಕುಂಕುಮ ಇಟ್ಟರು.

ದಸರಾ ಮುಗಿದ ಮರುವಾರ ನಾನು ಅಂಗಡಿಯಲ್ಲಿ ಸುದ್ದಿ ಓದಿದೆ. ಈ ಸಲ ‘ಅಂತೆ’ ಇರಲಿಲ್ಲ. ಚಿತ್ರವಿತ್ತು, ಲೋಹದ ಮೈ, ಒಂದೇ ಗಟ್ಟಿಯಿಂದ ಕೊರೆದದ್ದು. ಎರಡು ಸಲ ಓದಿ, ಮನೆಗೆ ಫೋನ್ ಮಾಡಿದೆ. ಅಕ್ಕ ಕೂಗಿದ್ದು ಫೋನಿಲ್ಲದೆಯೂ ಹೊಸಮನೆಗೆ ಕೇಳುವಂತಿತ್ತು. ಮೇಸ್ತ್ರಿ ಮಾಮನಿಗೆ ಒಂದೇ ಚಿಂತೆ. "ಅಷ್ಟು ತುರಿ ಎಲ್ಲಿ ಹಾಕ್ತಾರೆ ಪಾ?"

ಅದು ಶಿವಮೊಗ್ಗಕ್ಕೆ ಬಂದು ಅಕ್ಕ ಕೊಳ್ಳಲು ನವೆಂಬರ್ ನಡುವಾಯಿತು. ಅಷ್ಟು ಹೊತ್ತಿಗೆ ಅಕ್ಕ ಬಿಳಿಯದರಲ್ಲೇ ಹತ್ತೊಂಬತ್ತು ಚಿತ್ರ ಮುಗಿಸಿದ್ದಳು. ಹೊಸ ಪರದೆಯಲ್ಲಿ ಅವನ್ನು ತೆರೆದಾಗ ಇರುವೆಯ ಕೆಂಪು ಕಿರುಚುತ್ತಿತ್ತು, ನೇರಳೆ ಕಪ್ಪಾಗಿತ್ತು. ಅವಳು ಹತ್ತಿರ ಬಾಗಿ ನೋಡಿದಳು, ಎದ್ದು ನಿಂತು ನೋಡಿದಳು, ಪಕ್ಕಕ್ಕೆ ಸರಿದು ನೋಡಿದಳು. ಎಲ್ಲಿಂದ ನೋಡಿದರೂ ಅದೇ ಕೆಂಪು. "ನಂದೇ ತಪ್ಪು, ಈಗ್ಲಾದ್ರೂ ಕಾಣ್ತಿದೆ ಅಲ್ವಾ!" ಎಂದು ಬಹುಮಾನ ಬಂದವಳ ಹಾಗೆ ಹೇಳಿ ಕೆಲಸಕ್ಕೆ ಕೂತಳು. ಎಂಟು ಚಿತ್ರ ತಿದ್ದಿದಳು, ಉಳಿದ ಐದನ್ನು ಹೊಸದಾಗಿ ಮಾಡಿದಳು.

ನವೆಂಬರ್ ಕೊನೆಯ ಶನಿವಾರ, ಗಡುವಿಗೆ ಇನ್ನೂ ಒಂದು ವಾರವಿರುವಾಗ, ಭದ್ರಾವತಿಯ ಕೊರಿಯರ್ ಕಚೇರಿಯಲ್ಲಿ ಸಿಡಿಗಳನ್ನು ಕೊಟ್ಟು ರಸೀದಿ ತೆಗೆದುಕೊಂಡೆವು. ಹೊರಗೆ ಬಂದು ಅಕ್ಕ ರಸ್ತೆ ಬದಿಯಲ್ಲಿ ಖಾಲಿ ಕೈಗಳನ್ನು ನೋಡಿಕೊಂಡು ನಿಂತಳು. ಹೋಟೆಲಿಗೆ ಹೋಗಿ ದೋಸೆ ತಿನ್ನೋಣ ಎಂದೆ.

"ಬೇಡ, ಮನೆಗೆ ಹೋಗೋಣ ಕಣೇ" ಎಂದಳು. "ಆ ಲ್ಯಾಪ್‌ಟಾಪ್ ಬಂದಾಗಿಂದ ಬರೀ ಕೆಲಸವೇ ಆಯ್ತು. ಒಂದ್ಸಲ ಸುಮ್ನೆ ತೆಗೆದು ನೋಡ್ಬೇಕು."