ಅಂಗೈ ಮ್ಯಾಲಿನ ಹುಳಿ

ಬಡವರು ಯಾಕ ಬಡವರಾಗೇ ಉಳಿತಾರ ಅಂತ, ಉಂಡು ಕೈತೊಳಕೊಂಡು ಮಾತಾಡೋರನ್ನ ಕಂಡರ ನನಗ ಮೈ ಉರಿತದ. ದುಡಿಯೋದಿಲ್ಲ ಅಂತಾರ, ಕೆಲಸ ಬರೋದಿಲ್ಲ ಅಂತಾರ. ನಮ್ಮವ್ವಗ ಕೆಲಸ ಬರತಿತ್ತು. ಆಕಿ ಮಾಡಿದ ಹುಳಿ ಉಂಡು ಮಾಟುಂಗದ ಒಂದು ಕನ್ನಡ ಮನಿ ಎರಡು ತಿಂಗಳು ಬೆರಳು ಚೀಪಿತ್ತು.

ಅಪ್ಪ ಸತ್ತ ವರ್ಷ ಅದು. ಬಿಜಾಪುರ ಕಡಿಂದ ಬಂದ ನಾವು ಕಾಂದಿವಲಿಯ ಒಂದು ಚಾಳಿನಾಗ ಖೋಲಿ ಹಿಡಿದಿದ್ವಿ. ನಾನು ಹನ್ನೆರಡನೇ ಪಾಸಾಗಿ ನರ್ಸಿಂಗ್ ಕಲೀತೀನಿ ಅಂತ ಹಟ ಹಿಡಿದು ಕುಂತಿದ್ದೆ. ಅಡಗಿ ಕೆಲಸ ಸಿಕ್ಕಾಗ ಅವ್ವ, "ನೀ ಕಲಿ, ಫೀ ನಾ ನೋಡಕೋತೀನಿ" ಅಂದಳು. ಆ ಪಗಾರ ಇದ್ದರ ನರ್ಸಿಂಗ್, ಇಲ್ಲಂದ್ರ ಇಲ್ಲ.

ಕೆಲಸಕ್ಕ ಇಟ್ಟಕೊಳ್ಳೋವಾಗ ಆ ಮನಿ ಅಮ್ಮಾವರು ಕೇಳಿದ್ದು ಒಂದೇ, ಮಾಂಸ ತಿಂತೀಯಾ ಅಂತ. ಇಲ್ಲ ಅಂದಳು ಅವ್ವ. ಖರೇನೇ. ಪಂಢರಪುರದಾಗ ತುಳಸಿ ಮಾಲಿ ಹಾಕಿಸಿಕೊಂಡ ಮ್ಯಾಲೆ ಆಕಿ ತತ್ತಿ ಸುದ್ದಾ ಮುಟ್ಟಿದಾಕಿ ಅಲ್ಲ. ಕೊರಳಾಗಿನ ಮಾಲಿ ನೋಡಿ ಅವರು ಏನು ತಿಳಕೊಂಡರೋ, ಅವ್ವಂತೂ ಏನೂ ಸುಳ್ಳು ಹೇಳಿದ್ದಿಲ್ಲ.

ನಮ್ಮ ಮನ್ಯಾಗ ದೇವರಿಗೆ ಎಡಿ ಹಬ್ಬದ ದಿನ ಅಷ್ಟ. ಉಳಿದ ದಿನ ಸಾರು ಕುದ್ದ ಕೂಡಲೇ ಅಂಗೈ ಮ್ಯಾಲೆ ನಾಕು ಹನಿ ಹಾಕಿಕೊಂಡು ನೆಕ್ಕಿ ಉಪ್ಪು ನೋಡೋದು ಅವ್ವನ ರೂಢಿ. ಆ ಮನ್ಯಾಗ ದಿನಾ ಅಡಗಿ ಮೊದಲು ದೇವರಿಗೆ ಹೋಗತಿತ್ತಂತ. ಅದೂ ಅವ್ವ ಅಡಗಿ ಮುಗಿಸಿ ಮನಿಗೆ ಹೊರಟ ಮ್ಯಾಲೆ. ಆಕಿಗೆ ಯಾರೂ ಹೇಳಿದ್ದಿಲ್ಲ.

ಒಂದು ಮುಂಜಾನೆ ಅಮ್ಮಾವರು ಅಡಗಿಮನಿ ಬಾಗಿಲದಾಗ ನಿಂತು ನೋಡಿಬಿಟ್ಟರು. "ಇದೇನಮ್ಮಾ, ದೇವರಿಗೆ ಇಡೋದನ್ನ ಎಂಜಲು ಮಾಡ್ತಿದ್ದೀಯಲ್ಲ. ನೀವು ಯಾವ ಜನ?" ಅಂತ ಕೇಳಿದರು. ಅವ್ವ ಮುಚ್ಚಿಡಲಿಲ್ಲ, ಹೇಳಿದಳು. ಆ ಪುಣ್ಯಾತ್ಗಿತ್ತಿ ಅಮ್ಮಾವರು ಬಾಯಿ ಮಾಡಲಿಲ್ಲ. ಮಾಡಿದ್ದರ ಚಲೋ ಇತ್ತು, ತಿರುಗಿ ಬೈದು ಬರಬಹುದಿತ್ತು. ಗ್ಯಾಸ್ ಆರಿಸಿ, ಪಾತ್ರಿ ಹುಳಿ ಅಷ್ಟೂ ಮೋರಿಗೆ ಸುರಿದು, "ನಿನ್ನ ಹೊಟ್ಟೆ ಮೇಲೆ ಹೊಡೆಯಲ್ಲ ನಾನು. ನಾಳೆಯಿಂದ ಪಾತ್ರೆ ತೊಳಿ, ನೆಲ ಒರೆಸು" ಅಂದರು. ಪಗಾರ ಅರ್ಧಕ್ಕಿಂತ ಕಮ್ಮಿ.

"ಬಿಟ್ಟು ಬಾ" ಅಂತ ನಾ ಮನ್ಯಾಗ ಕುಣಿದಾಡಿದೆ.

"ಬಿಟ್ಟು ಎಲ್ಲಿ ಹೋಗಲಿ? ಬ್ಯಾರೆ ಮನ್ಯಾಗೂ ಅದನ್ನೇ ಕೇಳ್ತಾರ."

ಕೇಳಿದರು ಸುದ್ದಾ. ಬಿಲ್ಡಿಂಗ್ ತುಂಬ ಸುದ್ದಿ ಹಬ್ಬಿತ್ತು. ಪಾತ್ರಿಗೆ ಎಲ್ಲಾರೂ ಕರದರು, ಒಲಿ ಹತ್ತಿರ ಯಾರೂ ಬಿಡಲಿಲ್ಲ.

ಫೀ ತುಂಬೋ ದಿನ ದಾಟಿತು. ನಾನು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಾಗ ಔಷಧ ಬಾಟಲಿಗೆ ಲೇಬಲ್ ಹಚ್ಚೋ ಕೆಲಸಕ್ಕ ಸೇರಿದೆ.

ಮೊದಲ ದಿನ ಕೆಲಸ ಮುಗಿಸಿ ಬಂದಾಗ ಅವ್ವ ಒಂದು ಸ್ಟೀಲ್ ಡಬ್ಬಿ ಬಿಚ್ಚತಿದ್ದಳು. ಹೊಸ ಅಡಗಿಯಾಕಿ ಮಾಡಿದ ಹುಳಿ, ಉಳಿದದ್ದು, ಅಮ್ಮಾವರು ಕೊಟ್ಟು ಕಳಿಸಿದ್ದರು.

"ಮಗಳು ಕೆಲಸಕ್ಕ ಹೋದಳು ಅಂತ ಹೇಳಿದೆ" ಅಂದಳು ಅವ್ವ. "ನಿಮ್ಮ ಜನ ಹೆಣ್ಣುಮಕ್ಕಳನ್ನ ಓದಿಸೋದೇ ಇಲ್ಲ, ಅದಕ್ಕೇ ಹಿಂಗ ಉಳಿತೀರಿ ಅಂದರು."

"ನೀ ಏನಂದಿ?"

"ಪಾತ್ರಿ ತಿಕ್ಕತಿದ್ದೆ."

ಅನ್ನಕ್ಕ ಹುಳಿ ಹಾಕೋಕಿಂತ ಮೊದಲು ಅಂಗೈ ಮ್ಯಾಲೆ ನಾಕು ಹನಿ ಹಾಕಿಕೊಂಡು ನೆಕ್ಕಿದಳು. "ಉಪ್ಪು ಸಾಲದು" ಅಂತ ಉಪ್ಪಿನ ಡಬ್ಬಿಗೆ ಕೈ ಚಾಚಿದಳು. ಆ ಹುಳಿ ನಾ ಉಣ್ಣಲಿಲ್ಲ. ಅವ್ವ ಉಂಡಳು. ಹಸಿದಿದ್ದಳು.