ಯಾರೂ ಹತ್ತದ ರ‍್ಯಾಂಪಿನ ಪಾಚಿ

ನಮ್ಮ ದೊಡ್ಡಮ್ಮನಿಗೆ ಪೇಪರನ್ನು ಮನೆಗೆ ತಂದುಕೊಟ್ಟರೆ ಸಾಲದು. ಊರಿನ ಗ್ರಂಥಾಲಯದಲ್ಲಿ ಕೂತು ಓದಬೇಕು, ಓದಿದ್ದರ ಬಗ್ಗೆ ಪಕ್ಕದವರ ಹತ್ತಿರ ವಾದ ಮಾಡಬೇಕು. ನಾನು ಮಾತು ಕಲಿತದ್ದೇ ಆ ವಾದಗಳನ್ನು ಕೇಳಿ. ಮೊಣಕಾಲಿನ ಆಪರೇಶನ್ ಆದ ಮೇಲೆ ಅವರಿಗೆ ಮೆಟ್ಟಿಲು ಆಗುವುದಿಲ್ಲ, ಪಕ್ಕದ ರ‍್ಯಾಂಪೇ ಗತಿ. ಸುಳ್ಯದ ಮಳೆಗೆ ಅದು ಜೂನ್ ಮುಗಿಯುವಷ್ಟರಲ್ಲಿ ಹಸಿರಾಗಿ, ಎಣ್ಣೆ ಸವರಿದ ಹಾಗಾಯಿತು. ದೊಡ್ಡಮ್ಮ ಮನೆಯಲ್ಲೇ ಬಾಕಿ.

ಈ ಸಲ ಆಗಸ್ಟ್ ಹದಿನೈದಕ್ಕೆ ನಾಲ್ಕು ದಿನ ಇರುವಾಗ ಗ್ರಂಥಾಲಯಕ್ಕೆ ಹೋಗಿ ನೋಡುತ್ತೇನೆ, ಧ್ವಜದ ಕಟ್ಟೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ಸುಣ್ಣ ಬಳಿದು ಫಳಫಳ ಮಾಡಿದ್ದಾರೆ. ಅದರಿಂದ ಹತ್ತು ಹೆಜ್ಜೆ ಆಚೆಗಿನ ರ‍್ಯಾಂಪ್ ಹಾಗೇ ಉಂಟು. ನನಗೆ ಮೈಯೆಲ್ಲ ಉರಿಯಿತು.

"ಇದನ್ನೂ ಎರಡು ಸಲ ತಿಕ್ಕಬಾರದಿತ್ತಾ?" ಎಂದು ಕಟ್ಟಡ ನೋಡಿಕೊಳ್ಳುವವನನ್ನು ಕೇಳಿದೆ.

"ಅದರಲ್ಲಿ ಯಾರೂ ಹೋಗುದಿಲ್ಲ ಮಾರಾಯ್ರೆ."

"ಎಂತಕ್ಕೆ ಹೋಗುದಿಲ್ಲ?"

"ಜಾರ್ತದಲ್ಲ! ಪಾಚಿ ಕಾಣುದಿಲ್ವಾ?"

ಇವನಿಗೆ ಎಂತ ಹೇಳುದು? ಮಾಡಿನಿಂದ ಇಳಿಯುವ ಮಳೆನೀರು ನೇರ ರ‍್ಯಾಂಪಿನ ಮೇಲೆಯೇ ಸುರಿಯುತ್ತದೆ. ನೀರು ಹರಿಯುವ ಒಂದು ದಂಬೆ ಕಟ್ಟಿ ಅದನ್ನು ಆಚೆ ಬಿಡಲು ಯಾರಿಗೂ ತೋಚಲಿಲ್ಲ. ಸಿಮೆಂಟಿಗೆ ನಾಲ್ಕು ಗೀರು ಹಾಕುವ ಬದಲು ಕನ್ನಡಿಯ ಹಾಗೆ ನಯ ಮಾಡಿಟ್ಟಿದ್ದಾರೆ. ಕೋಲೂರಿ ನಡೆಯುವವರಿಗೆ ಕಟ್ಟಿದ್ದೋ, ಫೋಟೋಕ್ಕೆ ಕಟ್ಟಿದ್ದೋ?

ಗ್ರಂಥಾಲಯದ ನೆರೆಮನೆಯ ಬ್ಯಾರಿಯವರು, ನಾವೆಲ್ಲ ಕಾಕ ಎಂದು ಕರೆಯುವವರು, ನನ್ನ ಕೂಗಾಟ ಕೇಳಿ ಅಂಗಳ ಗುಡಿಸುವ ಹಿಡಿಸೂಡಿ ಹಿಡಿದುಕೊಂಡೇ ಬಂದರು. "ಬೈದರೆ ಪಾಚಿ ಹೋಗುದಿಲ್ಲ. ಕೆರೆಯುವ, ಬನ್ನಿ."

ನಾನು ತಗಡಿನ ತುಂಡಿನಲ್ಲಿ ಕೆರೆದೆ, ಅವರು ತಿಕ್ಕಿದರು. ಮೇಲಿನಿಂದ ನೀರು ಬೀಳುವಷ್ಟು ದಿನ ಪಾಚಿ ಮತ್ತೆ ಬರುವುದೇ. ಅದಕ್ಕೆ ನಮ್ಮ ಅಂಗಳಗಳಲ್ಲಿ ಮಾಡುವ ಹಾಗೆ ಅಡಿಕೆ ಸೋಗೆ ತಂದು, ಬುಡದ ಜಾರುವ ಹಾಳೆಯನ್ನು ಕಡಿದು ತೆಗೆದು, ಅಡ್ಡಕ್ಕೆ ಹಾಸಿದೆವು.

ಮರುದಿನ ದೊಡ್ಡಮ್ಮ ಕಂಬಿ ಹಿಡಿದು ಹತ್ತಿದರು. ಅರ್ಧ ತಲುಪುವಾಗ ಕಟ್ಟಡ ನೋಡಿಕೊಳ್ಳುವವನು ಓಡಿ ಬಂದ. "ಎಂತ ಕಸ ಇದು! ಅತಿಥಿಗಳು ಬರ್ಲಿಕ್ಕುಂಟು, ತೆಗೀರಿ!"

ದೊಡ್ಡಮ್ಮ ನಿಂತು ಉಸಿರು ಎಳೆದುಕೊಂಡರು. "ತೆಗಿ ಮಗಾ. ತೆಗೆದರೆ ನಾಳೆಯಿಂದ ನೀನೇ ನನ್ನನ್ನು ಎತ್ತಿ ಒಳಗೆ ಕೂರಿಸಬೇಕು. ಆಗಬಹುದಾ?"

ಅವನು ದೊಡ್ಡಮ್ಮನ ಗಾತ್ರವನ್ನು ಒಮ್ಮೆ ನೋಡಿದ. ಸೀದಾ ಒಳಗೆ ಹೋದ.

ಹದಿನೈದರಂದು ಅತಿಥಿಗಳು ಮೆಟ್ಟಿಲಲ್ಲಿ ಹೋದರು, ದೊಡ್ಡಮ್ಮ ಸೋಗೆಯ ಮೇಲೆ. ದಂಬೆ ಮಾತ್ರ ಇವತ್ತಿಗೂ ಬಂದಿಲ್ಲ. ವಾರಕ್ಕೊಮ್ಮೆ ಸೋಗೆ ಬದಲಿಸುವಾಗ ನಾನು ಹೊರಗಿನಿಂದ ಅವನಿಗೆ ಬೈಯುತ್ತೇನೆ. ಒಳಗಿನಿಂದ ದೊಡ್ಡಮ್ಮನ ವಾದ ಕೇಳುತ್ತಿರುತ್ತದೆ.