ಒಬ್ಬರಿಗೆ ಬೇಯುವ ಗಂಜಿ

೧೯೬೫ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೆಯ ಕ್ಲಾಸೂ ಮುಗಿದಿರಲಿಲ್ಲ. ಮಂಡ್ಯದ ಕಡೆಯಿಂದ ಮದರಾಸಿಗೆ ಬಂದು, ಪ್ಯಾರೀಸ್ ಕಾರ್ನರ್ ಹತ್ತಿರ ಲಾರಿಗಳ ಟಾರ್ಪಾಲ್ ಹೊಲಿಯುವ ಅಂಗಡಿಯಲ್ಲಿ ಸೂಜಿ ಹಿಡಿದೆ. ಕಾಲಕ್ರಮದಲ್ಲಿ ಆ ಅಂಗಡಿ ನನ್ನದೇ ಆಯಿತು. ಯಾರ ಮುಂದೆಯೂ ಕೈಚಾಚಿ ನಿಂತವನಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾನು ಹೊಲಿದ ಟಾರ್ಪಾಲಿನಡಿ ಸಕ್ಕರೆ ಮೂಟೆ ನೆನೆಯಿತು ಎಂದು ಒಬ್ಬ ಲಾರಿಯವನೂ ಇದುವರೆಗೆ ವಾಪಸು ಬಂದಿಲ್ಲ.

೨೦೦೨ರಲ್ಲಿ ಹೆಂಡತಿ ತೀರಿಕೊಂಡಳು. ಅಷ್ಟರಲ್ಲಿ ಮಗಳು ಮದುವೆಯಾಗಿ ಮೈಲಾಪೂರಿನ ಫ್ಲ್ಯಾಟಿನಲ್ಲಿದ್ದಳು, ಬ್ಯಾಂಕಿನಲ್ಲಿ ಕೆಲಸ. ರಾಯಪುರಂನ ಬಾಡಿಗೆ ಮನೆಯಲ್ಲಿ ನಾನೊಬ್ಬನೇ ಉಳಿದೆ. ನನಗೆ ಬರುತ್ತಿದ್ದ ಅಡುಗೆ ಮುದ್ದೆ. ಮುದ್ದೆ ಒಬ್ಬರಿಗಾಗಿ ಮಾಡುವ ಅಡುಗೆಯಲ್ಲ. ಹಿಡಿ ಹಿಟ್ಟು ಹಾಕಿದರೆ ಅದು ಕೋಲಿಗೇ ಮೆತ್ತಿಕೊಂಡು ತಳ ಸೀಯುತ್ತದೆ, ಗಂಟೂ ಒಡೆಯುವುದಿಲ್ಲ. ಪಾತ್ರೆಗೆ ಒಂದು ತೂಕ ಬೇಕು. ಹಾಗಾಗಿ ದಿನವೂ ಎರಡು ಮುದ್ದೆ ಕಟ್ಟುತ್ತಿದ್ದೆ. ಎರಡನೆಯದನ್ನು ಬಿಸಾಡಲು ಮನಸ್ಸು ಬಾರದೆ ಅದನ್ನೂ ನಾನೇ ನುಂಗುತ್ತಿದ್ದೆ. ಭಾನುವಾರ ಮೂಳೆ ಸಾರು, ಉಳಿದ ದಿನ ತುಪ್ಪ ಬಿಟ್ಟ ಹುರುಳಿ ಸಾರು.

ಒಂದು ಮಧ್ಯಾಹ್ನ ಟಾರ್ಪಾಲಿನ ಸುರುಳಿ ಎತ್ತುವಾಗ ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದು ಕೂತೆ. ಮಗಳು ಬಂದು ಆಟೋದಲ್ಲಿ ಡಾಕ್ಟರ ಬಳಿ ಕರೆದೊಯ್ದಳು. ರಕ್ತದಲ್ಲಿ ಕೊಬ್ಬು ಜಾಸ್ತಿ, ಸಕ್ಕರೆಯೂ ಗಡಿ ಮುಟ್ಟಿದೆ ಎಂದರು ಡಾಕ್ಟರು. ಮಾತ್ರೆ ಬರೆದುಕೊಟ್ಟು, ಜೊತೆಗೆ ಬೆಳಿಗ್ಗೆ ಓಟ್ಸ್ ತಿನ್ನಿ ಎಂದರು. ಅದರಲ್ಲಿ ಲೋಳೆಯಂಥ ಒಂದು ನಾರಿದೆ, ಅದು ಕೊಬ್ಬನ್ನು ಕಡಿಮೆ ಮಾಡುತ್ತದೆ, ಸಕ್ಕರೆ ರಕ್ತಕ್ಕೆ ಮೆಲ್ಲಗೆ ಇಳಿಯುವಂತೆ ತಡೆಯುತ್ತದೆ, ಬೇಗ ಹಸಿವಾಗಲು ಬಿಡುವುದಿಲ್ಲ ಎಂದು ತಿಳಿಯುವ ಹಾಗೆ ಹೇಳಿದರು.

ಹೊರಗೆ ಬಂದ ಮೇಲೆ ಮಗಳು ತನ್ನ ತೀರ್ಪು ಕೊಟ್ಟಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಉತ್ತರಿಸುವುದು, ಅವಳು ಸ್ಕೂಲಿಗೆ ಸೇರಿದಂದಿನಿಂದ ನಮ್ಮ ಮನೆಯ ರೂಢಿ.

"ಮೂಣು ಮಾಸಂ ಪಾಕ್ಕಲಾಂಪ್ಪಾ," ಅಂದಳು. ಮೂರು ತಿಂಗಳು ನೋಡೋಣ. ಆಗಲೂ ರಕ್ತ ಸರಿಹೋಗದಿದ್ದರೆ ಅಂಗಡಿ ಯಾರಿಗಾದರೂ ಕೊಟ್ಟು, ಮನೆ ಖಾಲಿ ಮಾಡಿ ನಾನು ಅವಳ ಮನೆಗೆ ಬರಬೇಕು.

"ಅಳಿಯನ ಮನೇಲಿ ಏನ್ ಮಾಡ್ಲವ್ವಾ ನಾನು? ಬಾಗ್ಲು ಕಾಯ್ಲಾ?"

"ಟಿವಿ ಪಾರುಂಗ."

"ಟೀವೀನ ನಿಮ್ಮತ್ತೆ ನೋಡ್ತಾರಲ್ಲ, ಅದ್ಕೆ ಇನ್ನೊಬ್ರು ಬೇಕಾ?"

ಅವಳು ನಗಲಿಲ್ಲ. ಹೇಳಿದ್ದನ್ನು ಮಾಡುವವಳು, ಆ ಗುಣ ನನ್ನದೇ. ದುಡಿದು ಬದುಕಿದ ಮನೆಯನ್ನು ಬಿಟ್ಟು ಇನ್ನೊಬ್ಬರ ಪಡಸಾಲೆಯ ಮೂಲೆಯಲ್ಲಿ ಮಂಚ ಹಾಕಿಸಿಕೊಳ್ಳುವುದು ನನ್ನಿಂದಾಗದ ಮಾತು.

ಮರುದಿನವೇ ಓಟ್ಸ್ ತಂದೆ. ಆದರೆ ಅದನ್ನು ಗಂಜಿ ಮಾಡಿ ತಿನ್ನಬೇಕಂತೆ. ಗಂಜಿ ನಮ್ಮ ಕಡೆ ಜ್ವರದವರಿಗೆ, ಹಲ್ಲಿಲ್ಲದವರಿಗೆ. ದುಡಿಯುವ ಗಂಡಸು ಗಟ್ಟಿ ತಿನ್ನಬೇಕು. ಗುಣ ಇರುವುದು ಕಾಳಿನಲ್ಲಿ ತಾನೆ ಎಂದುಕೊಂಡು, ಕುದಿಯುವ ನೀರಿಗೆ ಓಟ್ಸ್ ಸುರಿದು, ಹಿಡಿದುಕೊಳ್ಳಲಿ ಎಂದು ರಾಗಿ ಹಿಟ್ಟು ಸೇರಿಸಿ, ಕೋಲಿನಲ್ಲಿ ತಿರುವಿ ಮುದ್ದೆ ಕಟ್ಟಿದೆ. ಎರಡು. ತುಪ್ಪ ಸವರಿ, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ದಿನವೂ ಹಾಗೆಯೇ ಮಾಡಿ, ಡಾಕ್ಟರ ಮಾತು ಪಾಲಿಸುತ್ತಿದ್ದೇನೆ ಎಂದು ನೆಮ್ಮದಿಯಾಗಿದ್ದೆ.

ಮುಂದಿನ ಭಾನುವಾರ ಬಂದ ಮಗಳು ಪಾತ್ರೆಯ ಮುಚ್ಚಳ ತೆಗೆದು ಒಂದನ್ನು ಕೈಗೆತ್ತಿಕೊಂಡಳು.

"ಇದು ಓಟ್ಸಾಪ್ಪಾ? ಲಾರಿ ಟಯರುಕ್ಕು ಪಂಚರ್ ಒಟ್ಟಲಾಂ." ಲಾರಿ ಟಯರಿಗೆ ಪಂಚರ್ ಅಂಟಿಸಬಹುದು.

"ತಿಂದ್ ನೋಡು, ಆಮೇಲ್ ಪಂಚರ್ ಹಾಕು."

ಒಂದು ತುಣುಕು ಬಾಯಿಗಿಟ್ಟು ಅಗಿದಳು. ಮುದ್ದೆ ಅಗಿಯಬಾರದು ಎಂಬುದನ್ನೂ ಮರೆತಿದ್ದಳು. "ಅಮ್ಮಾ ಇರುಂದಾ ತಿಟ್ಟುವಾಂಗ," ಅಂದಳು. ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು.

ಮೇಲಿನ ಹಲಗೆಯಿಂದ ಹಾಲು ಕಾಯಿಸುವ ಸಣ್ಣ ಪಾತ್ರೆ ಇಳಿಸಿ, ಒಂದು ಹಿಡಿ ಓಟ್ಸನ್ನು ನೀರಿನಲ್ಲಿ ಬೇಯಿಸಿದಳು. ಆರಿದ ಮೇಲೆ ಮಜ್ಜಿಗೆ ಬೆರೆಸಿ, ಸಣ್ಣ ಈರುಳ್ಳಿ ಹೆಚ್ಚಿಹಾಕಿ, ಉಪ್ಪು ಉದುರಿಸಿದಳು.

"ಇಷ್ಟೇಯಾ? ಇದು ಯಾರಿಗ್ ಸಾಕಾಯ್ತದೆ?"

"ಒರು ಆಳುಕ್ಕು." ಒಬ್ಬರಿಗೆ.

ಅದು ಸರಿಯಾದ ಲೆಕ್ಕ. ಹೆಂಡತಿ ಹೋದ ಮೇಲೆ ನನ್ನ ಒಲೆಯ ಮೇಲೆ ಒಬ್ಬರ ಅಳತೆಗೆ ಏನಾದರೂ ಬೆಂದದ್ದು ಅಂದೇ ಮೊದಲು. ತಿಂದೆ. ರುಚಿಯಾಗಿಯೇ ಇತ್ತು.

ಅಂದಿನಿಂದ ತಪ್ಪಿಸಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಮೈಗೇ ಗೊತ್ತಾಯಿತು. ಹತ್ತು ಗಂಟೆಗೆ ಟೀ ಅಂಗಡಿಯ ಬೋಂಡಾ ಬೇಡವಾಯಿತು. ಊಟದ ಹೊತ್ತಿನವರೆಗೂ ಹೊಟ್ಟೆ ಸುಮ್ಮನಿರುತ್ತಿತ್ತು. ವರ್ಷಗಳಿಂದ ಕಾಡುತ್ತಿದ್ದ ಮಲಬದ್ಧತೆ ಹೋಯಿತು. ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ತೂಕಡಿಸುವುದು ನಿಂತಿತು, ಗೋಡೌನಿನ ಮೆಟ್ಟಿಲಲ್ಲಿ ಏದುಸಿರು ಕಡಿಮೆಯಾಯಿತು. ಓಟ್ಸ್ ಒಂದರಿಂದಲೇ ಎಂದು ಹೇಳಲಾರೆ. ಮಾತ್ರೆಯೂ ಇತ್ತು, ಎರಡನೆಯ ಮುದ್ದೆ ನಿಂತದ್ದೂ ಇತ್ತು. ಆದರೆ ದಿನವೂ ತಿಂದದ್ದಕ್ಕೆ ಫಲ ಸಿಕ್ಕಿತು ಎನ್ನುವುದು ನಿಜ.

ಆ ಮೂರು ತಿಂಗಳು ಮಗಳು ಒಂದು ಭಾನುವಾರವನ್ನೂ ಬಿಡಲಿಲ್ಲ. ಡಬ್ಬಿ ಅಲ್ಲಾಡಿಸಿ ಓಟ್ಸ್ ಎಷ್ಟು ಇಳಿದಿದೆ ನೋಡುವಳು, ತುಪ್ಪದ ಬಾಟಲಿ ಹುಡುಕುವಳು, ಬೈಯುವಳು, ಸಂಜೆಯವರೆಗೆ ಕೂತಿರುವಳು. ಶನಿವಾರವೇ ನಾನು ನೆಲ ಒರೆಸಿಡುತ್ತಿದ್ದೆ.

ಎರಡನೆಯ ಸಲ ರಕ್ತ ಕೊಟ್ಟಾಗ ಡಾಕ್ಟರು ಸಮಾಧಾನಪಟ್ಟರು. ಬಿಡದೆ ತಿನ್ನಿ ಎಂದರು.

"ಜಯಿಚ್ಚಿಟ್ಟೀಂಗಪ್ಪಾ," ಅಂದಳು ಮಗಳು. ಗೆದ್ದುಬಿಟ್ಟಿರಿ. ಮನೆ ಬಿಡುವ ಮಾತು ಅಲ್ಲಿಗೆ ಮುಗಿಯಿತು.

ಭಾನುವಾರಗಳೂ ಅಲ್ಲಿಂದ ಸಡಿಲವಾದವು. ಒಂದು ವಾರ ಮೊಮ್ಮಗನಿಗೆ ಪರೀಕ್ಷೆ, ಇನ್ನೊಂದು ವಾರ ಅತ್ತೆಯ ಕಣ್ಣಿನ ಆಪರೇಷನ್. ಸುಳ್ಳು ಹೇಳುವವಳಲ್ಲ. ಅವಳಿಗೆ ಭಯ ಹೋಗಿತ್ತು, ಅಷ್ಟೆ. ಈಗ ಫೋನು ಬರುತ್ತದೆ.

"ಓಟ್ಸ್ ಸಾಪ್ಟೀಂಗಳಾ?"

"ತಿಂದೆ ಕಣವ್ವಾ."

"ಸರಿಪ್ಪಾ."

ತಲೆ ಸುತ್ತಿತು ಎಂದು ಒಂದು ಮಾತು ಹೇಳಿದರೆ ಅರ್ಧ ಗಂಟೆಯಲ್ಲಿ ಆಟೋ ಹಿಡಿದು ಬರುತ್ತಾಳೆ, ನನಗೆ ಗೊತ್ತು. ಆದರೆ ಸುತ್ತದ ತಲೆಯನ್ನು ಸುತ್ತಿತು ಎನ್ನುವ ಅಭ್ಯಾಸ ನನಗಿಲ್ಲ. ಫೋನಿಟ್ಟು ಪಾತ್ರೆ ತೊಳೆದು ಅಂಗಡಿಗೆ ಹೋಗುತ್ತೇನೆ.

ಈಗ ನನ್ನಲ್ಲಿ ಇರುವುದು ಇಷ್ಟು: ಅಂಗಡಿ ಒಂದು, ಹೊಲಿಗೆ ಯಂತ್ರ ಎರಡು, ಬಾಡಿಗೆ ಮನೆ ಒಂದು, ಮಗಳು ಒಬ್ಬಳು, ಅಳಿಯ ಒಬ್ಬ, ಮೊಮ್ಮಗ ಒಬ್ಬ, ಕುರ್ಚಿ ನಾಲ್ಕು, ಕಾಯಿಲೆಯಿಲ್ಲದ ಮೈ ಒಂದು.